ಐನ್‌ಮನೆಯ ಬಾಗಿಲು ಎಲ್ಲಿಯವರೆಗೆ ತೆರೆಯಬೇಕು?

ಎಲ್ಲರಿಗೂ ನಮಸ್ಕಾರ. ಕೊಡಗಿನಲ್ಲಿ ಹೋಂಸ್ಟೇಗಳಿಗೇನೂ ಬರವಿಲ್ಲ. ಬಂದವರು ಅಬ್ಬಿ ಜಲಪಾತ, ರಾಜಾಸೀಟ್, ದುಬಾರೆ ಮುಗಿಸಿ, ರಾತ್ರಿ ಬೆಂಕಿ ಕಾಯಿಸಿಕೊಂಡು ಹೊರಟುಬಿಡುತ್ತಾರೆ. ಇಲ್ಲಿನ ಕೊಡವರು, ಅರೆಭಾಷೆ ಗೌಡರು, ಬುಡಕಟ್ಟಿನ ಯರವರು, ಜೇನುಕುರುಬರು ಯಾರೆಂಬುದೇ ಅವರಿಗೆ ಗೊತ್ತಾಗುವುದಿಲ್ಲ. ಏನನ್ನು, ಯಾವಾಗ, ಎಷ್ಟು ತೋರಿಸಬೇಕೆಂದು ಆಯಾ ಜನರೇ ತೀರ್ಮಾನಿಸಿದರೆ ಮಾತ್ರ ಅದು ಸಮುದಾಯದ ಪ್ರವಾಸೋದ್ಯಮ.

ಐನ್‌ಮನೆ ಅಂದರೆ ಪೂರ್ವಜರ ಮನೆ. ಅದು ಇಡೀ ಒಕ್ಕದ್ದು, ಒಂದೇ ಮೂಲದ ಸಂಸಾರಗಳೆಲ್ಲದ್ದು. ಅದನ್ನು ಅತಿಥಿಗಳಿಗೆ ತೆರೆಯಲು ಅಲ್ಲಿ ವಾಸವಿರುವ ಒಂದು ಸಂಸಾರ ಒಪ್ಪಿದರೆ ಸಾಲದು. ಒಕ್ಕದ ಕೂಟದಲ್ಲಿ ಮಾತಾಗಬೇಕು, ಒಕ್ಕದ ಮುಖ್ಯಸ್ಥರಾದ ಪಟ್ಟೆದಾರರು ಹೂಂ ಅನ್ನಬೇಕು, ಬಂದ ಹಣದಲ್ಲಿ ಹೆಂಚು, ತೊಲೆಗಳ ರಿಪೇರಿಗೆ ಎಷ್ಟೆಂದು ಮೊದಲೇ ಬರೆದಿಡಬೇಕು. ಇದನ್ನು ಬಿಟ್ಟ ಕಡೆ ಮೊದಲ ವರ್ಷವೇ ಜಗಳ. ಅತಿಥಿಗಳನ್ನು ಮುಂದಿನ ಜಗಲಿಯಾದ ಕಯ್ಯಾಲೆಯಲ್ಲಿ ಕೂರಿಸಿ, ಚಪ್ಪಲಿ ಬಿಡಿಸಿ, ದೀಪವಿರುವ ನಡುಮನೆ, ಅಂದರೆ ನೆಲ್ಲಕ್ಕಿ ನಡುಬಾಡೆಯವರೆಗೆ ಕರೆಯಬಹುದು. ಕನ್ನಿಕೊಂಬರೆ ಎಂಬ ಒಳಕೋಣೆ, ಕೈಮಡ ಎಂಬ ಪುಟ್ಟ ಗುಡಿ ಗತಿಸಿದ ಹಿರಿಯರವು. ಅಲ್ಲಿ ಕ್ಯಾಮೆರಾ ಬೇಡ. ಇದನ್ನು ಬುಕಿಂಗ್ ಹೊತ್ತಿಗೇ ಬರೆದು ಕಳಿಸಿ. ಹೊಸ್ತಿಲಲ್ಲಿ ನಿಂತವರಿಗೆ ಬೇಡ ಎನ್ನಲು ನಮ್ಮವರಿಗೆ ದಾಕ್ಷಿಣ್ಯ.

ಹಬ್ಬದ ವಿಷಯ ಇನ್ನೂ ಸೂಕ್ಷ್ಮ. ಕೈಲ್‌ಪೊಳ್ದ್ ಎಂಬ ಆಯುಧ ಪೂಜೆಯ ಹಬ್ಬ ಸೆಪ್ಟೆಂಬರ್ 3ಕ್ಕೆ ಎಂದು ಗೊತ್ತಿರುತ್ತದೆ. ಸುಗ್ಗಿಯ ಹಬ್ಬವಾದ ಪುತ್ತರಿ ಹಾಗಲ್ಲ, ಕದಿರು ಕೊಯ್ಯುವ ಮುಹೂರ್ತ ಪಾಡಿ ಇಗ್ಗುತ್ತಪ್ಪ ದೇವರ ಸನ್ನಿಧಿಯಲ್ಲಿ ಗೊತ್ತಾಗಬೇಕು. ವೀಕೆಂಡಿಗೊಂದು ಪುತ್ತರಿ ಮಾಡಿ ತೋರಿಸಿ ಎಂದು ಕೇಳುವವರಿದ್ದಾರೆ. ಒಪ್ಪಲೇಬೇಡಿ. ಊರ ಬಯಲಾದ ಮಂದ್‌ನಲ್ಲಿ ಕೋಲಾಟ್ ನಡೆಯುವಾಗ ಅಂಚಿನಲ್ಲಿ ನಿಂತು ನೋಡಲಿ, ಅಷ್ಟು ಸಾಕು. ಊಟ ಬಡಿಸುವ ಹುಡುಗರಿಗೆ ಕೊಡವರ ಸಾಂಪ್ರದಾಯಿಕ ಉಡುಪಾದ ಕುಪ್ಯ–ಚೇಲೆ ತೊಡಿಸುವುದಂತೂ ನನ್ನ ಲೆಕ್ಕದಲ್ಲಿ ಅವಮಾನವೇ.

ಧಾರಾಳವಾಗಿ ಹಂಚಿಕೊಳ್ಳಬಹುದಾದ್ದು ಕೆಲಸ. ಅಡುಗೆಗೆ ಬಳಸುವ, ಉಪ್ಪಾಗೆ ಹಣ್ಣಿನ ಕಪ್ಪು ಹುಳಿಯಾದ ಕಾಚಂಪುಳಿಯನ್ನೇ ನೋಡಿ. ಮಳೆಗಾಲದಲ್ಲಿ ಉದುರಿದ ಹಣ್ಣನ್ನು ಬಿದಿರಿನ ಬುಟ್ಟಿಗೆ ತುಂಬಿ, ಕೆಳಗೆ ಪಾತ್ರೆ ಇಟ್ಟರೆ, ಹಣ್ಣು ಕೊಳೆಯುತ್ತ ದಿನಗಟ್ಟಲೆ ರಸ ತೊಟ್ಟಿಕ್ಕುತ್ತದೆ. ಅದನ್ನು ಮಣ್ಣಿನ ಮಡಕೆಯಲ್ಲಿ ಕಪ್ಪಗೆ, ಮಂದವಾಗುವವರೆಗೆ ಕುದಿಸಬೇಕು. ಅಲ್ಯೂಮಿನಿಯಂ ಪಾತ್ರೆಯಾದರೆ ಹುಳಿ ಅದನ್ನೇ ತಿನ್ನುತ್ತದೆ. ಅವಸರಕ್ಕೆ ತೆಳ್ಳಗಿರುವಾಗಲೇ ಇಳಿಸಿದರೆ ಬಾಳಿಕೆ ಬರುವುದಿಲ್ಲ; ಸರಿಯಾಗಿ ಬತ್ತಿಸಿದ್ದು ವರ್ಷಗಟ್ಟಲೆ ಇರುತ್ತದೆ. ಕಿಲೋ ಹಂದಿಮಾಂಸಕ್ಕೆ ಒಂದೆರಡು ಚಮಚ, ಅದೂ ಬೆಂದ ಮೇಲೆ. ಅತಿಥಿ ಒಲೆ ಮುಂದೆ ಅರ್ಧ ದಿನ ಕೂತರೆ ಕೊಡವರ ನುಡಿಯಾದ ಕೊಡವ ತಕ್ಕ್‌ನ ನಾಲ್ಕು ಮಾತು ತಾನಾಗಿ ಕಿವಿಗೆ ಬೀಳುತ್ತವೆ.

ಕಷ್ಟದ ಪ್ರಶ್ನೆ ಯರವ, ಜೇನುಕುರುಬರದ್ದು. ಅತಿಥಿಯನ್ನು ಇಳಿಸಿಕೊಳ್ಳಲು ಮನೆ ಬೇಕು. ಕೂಲಿಯವರಾಗಿ ತೋಟದ ಲೈನ್‌ಮನೆಯಲ್ಲಿರುವವರು ಎಲ್ಲಿ ಇಳಿಸಿಕೊಳ್ಳಬೇಕು? ಹೀಗಾಗಿ ಅವರ ಕುಣಿತ ಬೇರೆಯವರ ಹೋಂಸ್ಟೇ ಅಂಗಳದಲ್ಲಿ, ಟಿಪ್ಸ್ ಕಾಸಿಗೆ. ದರವನ್ನು ಹಾಡಿಯವರೇ, ಅಂದರೆ ಆ ಬುಡಕಟ್ಟಿನ ಕೇರಿಯವರೇ ಹೇಳಲಿ, ತಲೆಗಿಷ್ಟೆಂದು ಲೆಕ್ಕವಾಗಲಿ, ಕುಣಿಯುವ ಮೊದಲೇ ಹಣ ಸ್ವಸಹಾಯ ಸಂಘದ ಖಾತೆಗೆ ಬೀಳಲಿ. ದೇವರಪುರದ ಕುಂಡೆ ಹಬ್ಬದಲ್ಲಿ ಅವರು ಆಚರಣೆಯಾಗಿ ದೇವರನ್ನೇ ಬೈಯುವುದುಂಟು. ಮೊಬೈಲಿಗೆ ನಗೆಯ ವಿಡಿಯೋ ಹುಡುಕಿಕೊಂಡು ಬರುವವರನ್ನು ಅಲ್ಲಿಗೆ ಕರೆದೊಯ್ಯುವ ಪ್ಯಾಕೇಜ್ ಬೇಡ. 2006ರ ಅರಣ್ಯ ಹಕ್ಕು ಕಾಯ್ದೆ ಜೇನಿನಂಥ ಕಿರು ಅರಣ್ಯ ಉತ್ಪನ್ನದ ಹಕ್ಕನ್ನು ಅವರಿಗೆ ಕೊಟ್ಟಿದೆ. ಜೇನನ್ನು ಹಾಡಿಯಿಂದಲೇ ಕೊಳ್ಳಿ, ಹೋಂಸ್ಟೇ ಕೌಂಟರಿನಿಂದಲ್ಲ.