ಚುಕ್ಕೆ ಯಾರದು, ಗೆರೆ ಯಾರದು?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಗಾಡಿ ಇಟ್ಟುಕೊಂಡವರಿದ್ದೀರಿ, ಗಾಡಿ ಓಡಿಸುವವರೂ ಇದ್ದೀರಿ. ಇಬ್ಬರೂ ಒಟ್ಟಿಗೆ ಕೂತು ಜಿಪಿಎಸ್ ಬಗ್ಗೆ ಮಾತಾಡುವುದು ಅಪರೂಪ. ಮಾಲೀಕರು ಈ ಮಾತೆತ್ತಿದಾಗ ಡ್ರೈವರ್ ರೋಡಿನಲ್ಲಿರುತ್ತಾರೆ. ಡ್ರೈವರ್‌ಗಳು ಈ ಮಾತಾಡುವಾಗ ಮಾಲೀಕರು ಹತ್ತಿರ ಇರುವುದಿಲ್ಲ. ಹಾಗಾಗಿ ಇವತ್ತು ಯಾರ ಪರವಾಗಿಯೂ ಮುಚ್ಚಿಡದೆ ಮಾತಾಡುತ್ತೇನೆ.

ಮೊದಲು ನನ್ನದೇ ಒಂದು ತಪ್ಪು ಹೇಳಬೇಕು. ನಾನು ಹಲವು ವರ್ಷ ಗಾಡಿಗಳಿಗೆ ಟ್ರ್ಯಾಕರ್ ಕೂರಿಸುವ, ರಿಪೋರ್ಟ್ ತೆಗೆದುಕೊಡುವ ಕೆಲಸ ಮಾಡಿದವನು. ಒಮ್ಮೆ ಒಂದು ಕಡೆಯ ಮ್ಯಾನೇಜರ್ ಫೋನ್ ಮಾಡಿ, ಒಂದು ಗಾಡಿಯ ಮೂರು ತಿಂಗಳ ಸ್ಟಾಪೇಜ್ ರಿಪೋರ್ಟ್ ಬೇಕು ಅಂದರು. ಯಾಕೆ ಅಂತ ನಾನು ಕೇಳಲಿಲ್ಲ. ತೆಗೆದು ನೋಡಿದೆ. ಪ್ರತಿ ಬುಧವಾರ ಮಧ್ಯಾಹ್ನ ಗಾಡಿ ಒಂದೇ ಜಾಗದಲ್ಲಿ ಅರ್ಧ ಗಂಟೆ ನಿಲ್ಲುತ್ತಿತ್ತು. ನಕ್ಷೆಯನ್ನು ದೊಡ್ಡದು ಮಾಡಿದೆ. ಅದು ಮನೋವೈದ್ಯರ ಕ್ಲಿನಿಕ್. ಪ್ರಿಂಟ್ ತೆಗೆದು ಕೊಟ್ಟುಬಿಟ್ಟೆ. ಆ ಹಾಳೆ ಆಫೀಸಿನ ಟೇಬಲ್ ಮೇಲೆ ಎಲ್ಲರಿಗೂ ಕಾಣುವ ಹಾಗೆ ಬಿದ್ದಿತ್ತು. ಆ ಡ್ರೈವರ್ ಹೋಗುತ್ತಿದ್ದದ್ದು ತಮ್ಮ ಊಟದ ಬಿಡುವಿನಲ್ಲಿ. ಒಂದು ಲೋಡ್ ಕೂಡ ತಡವಾಗಿರಲಿಲ್ಲ. ಮನೆಯಲ್ಲೂ ಹೇಳಿಕೊಳ್ಳದ ವಿಷಯವನ್ನು ನಾನು ಆಫೀಸಿಗೆಲ್ಲ ಹೇಳಿದ ಹಾಗಾಯಿತು. ಸ್ವಲ್ಪ ದಿನಕ್ಕೆ ಅವರು ಕೆಲಸ ಬಿಟ್ಟರು.

ಅವತ್ತು ನನಗೆ ಅದು ತಪ್ಪು ಅನ್ನಿಸಲೇ ಇಲ್ಲ. ಗಾಡಿ ಕಂಪನಿಯದು, ಟ್ರ್ಯಾಕರ್ ಡಬ್ಬಿ ಕಂಪನಿಯದು, ರಿಪೋರ್ಟ್ ಕೂಡ ಕಂಪನಿಯದು ಅಂದುಕೊಂಡಿದ್ದೆ. ಈ ಮೂರರಲ್ಲಿ ಮೊದಲ ಎರಡು ನಿಜ. ಮೂರನೆಯದರ ಬಗ್ಗೆಯೇ ಇವತ್ತಿನ ನನ್ನ ಮಾತು.

ಉಪಗ್ರಹ ಮೇಲಿನಿಂದ ತಮ್ಮನ್ನು ನೋಡುತ್ತಿದೆ ಅಂತ ಎಷ್ಟೋ ಡ್ರೈವರ್‌ಗಳು ನಂಬಿದ್ದಾರೆ. ಹಾಗಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. 'ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು' ಅಂತ ರೇಡಿಯೋ ಸಂಕೇತದಲ್ಲಿ ಹೇಳುತ್ತಲೇ ಇರುತ್ತವೆ. ಗಾಡಿಯ ಡಬ್ಬಿ ಕನಿಷ್ಠ 4 ಉಪಗ್ರಹಗಳ ಸಂಕೇತ ಕೇಳಿಸಿಕೊಂಡು, ಅವು ಬಂದು ತಲುಪಿದ ಸಮಯವನ್ನು ಲೆಕ್ಕ ಹಾಕಿ, ತಾನೆಲ್ಲಿದ್ದೇನೆ ಅಂತ ತಾನೇ ಕಂಡುಹಿಡಿಯುತ್ತದೆ. ಉಪಗ್ರಹಕ್ಕೆ ಗಾಡಿಯೂ ಗೊತ್ತಿಲ್ಲ, ಡ್ರೈವರೂ ಗೊತ್ತಿಲ್ಲ. ಸುದ್ದಿ ಮುಟ್ಟಿಸುವುದು ಡಬ್ಬಿಯೊಳಗಿನ ಸಿಮ್. ಎಷ್ಟು ಸೆಕೆಂಡಿಗೊಮ್ಮೆ ಕಳಿಸಬೇಕು, ಇಗ್ನಿಷನ್ ಆಫ್ ಆದ ಮೇಲೂ ಕಳಿಸಬೇಕಾ, ಎಷ್ಟು ದಿನ ಇಟ್ಟುಕೊಳ್ಳಬೇಕು, ಯಾರ ಮೊಬೈಲಿಗೆ ಕಾಣಬೇಕು, ಇದೆಲ್ಲ ಮನುಷ್ಯರು ಸೆಟ್ಟಿಂಗ್‌ನಲ್ಲಿ ಕೂತು ಮಾಡುವ ತೀರ್ಮಾನ. ಬದಲಾಯಿಸಿದರೆ ಬದಲಾಗುತ್ತದೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮೊದಲು ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕು ಮಾಡುತ್ತಿತ್ತು. ಲೊಕೇಶನ್ 100 ಮೀಟರ್‌ವರೆಗೂ ಆಚೀಚೆ ಆಗುತ್ತಿತ್ತು. 2000ದ ಮೇ 2ರಂದು ಆ ಮಸುಕನ್ನು ತೆಗೆದರು. ಅಲ್ಲಿಂದ ಮುಂದೆ ಗಾಡಿ ಯಾವ ಬೀದಿಯಲ್ಲಿದೆ ಅನ್ನುವುದಷ್ಟೇ ಅಲ್ಲ, ಯಾವ ಗೇಟಿನ ಮುಂದೆ ನಿಂತಿದೆ ಅನ್ನುವುದೂ ತಿಳಿಯುವ ಹಾಗಾಯಿತು. ಹಳೆಯ ಮಸುಕು ಇದ್ದಿದ್ದರೆ ಆ ಬುಧವಾರದ ಕ್ಲಿನಿಕ್ ನನಗೆ ಕಾಣುತ್ತಲೇ ಇರಲಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಪರದೆಯ ಮೇಲೆ ಎರಡು ಥರದ ಮಾಹಿತಿ ಇರುತ್ತದೆ. ಒಂದು ಚುಕ್ಕೆ: ಗಾಡಿ ಈ ಕ್ಷಣ ಎಲ್ಲಿದೆ. ಇನ್ನೊಂದು ಗೆರೆ: ಗಾಡಿ ನಿನ್ನೆ, ಹೋದ ವಾರ, ಹೋದ ವರ್ಷ ಎಲ್ಲೆಲ್ಲಿ ಹೋಗಿತ್ತು. ಮಾಲೀಕರನ್ನು ಕೇಳಿ ನೋಡಿ, ಅವರಿಗೆ ನಿಜವಾಗಿ ಬೇಕಾದದ್ದು ಹೆಚ್ಚಾಗಿ ಚುಕ್ಕೆಯೇ. ಗ್ರಾಹಕರು ಫೋನ್ ಮಾಡಿ ಗಾಡಿ ಎಲ್ಲಿ ಬಂತು ಅಂತ ಕೇಳುತ್ತಾರೆ. ಗಾಡಿ ಕಳುವಾದರೆ ಹುಡುಕಬೇಕು. ರಾತ್ರಿ ಹೊತ್ತು ಕೆಟ್ಟು ನಿಂತರೆ ಮೆಕ್ಯಾನಿಕ್ ಕಳಿಸಬೇಕು. ಅಪಘಾತ ಆದರೆ ಡ್ರೈವರ್ ಜೀವ ಉಳಿಸುವುದೂ ಅದೇ ಚುಕ್ಕೆ. ಇದಕ್ಕೆ ಯಾವ ಡ್ರೈವರೂ ಬೇಡ ಅಂದದ್ದನ್ನು ನಾನು ನೋಡಿಲ್ಲ. ತೊಂದರೆ ಇರುವುದು ಗೆರೆಯಲ್ಲಿ. ಚುಕ್ಕೆ ಗಾಡಿಯ ಸುದ್ದಿ ಹೇಳುತ್ತದೆ. ಗೆರೆ ಉದ್ದವಾದಷ್ಟೂ ಮನುಷ್ಯನ ಸುದ್ದಿ ಹೇಳತೊಡಗುತ್ತದೆ: ಯಾವ ಡಾಕ್ಟರ್, ಯಾವ ದೇವಸ್ಥಾನ ಅಥವಾ ಮಸೀದಿ, ಯಾವ ಯೂನಿಯನ್ ಆಫೀಸು, ರಾತ್ರಿ ಯಾರ ಮನೆ.

ಹೆಸರು ತೆಗೆದು ಬರೀ ಗಾಡಿ ನಂಬರ್ ಇಟ್ಟರೆ ಆಯ್ತಲ್ಲ ಅಂತ ಕೆಲವರು ಹೇಳುತ್ತಾರೆ. ಆಗುವುದಿಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಂಶೋಧಕರು 15 ಲಕ್ಷ ಜನರ 15 ತಿಂಗಳ ಮೊಬೈಲ್ ಲೊಕೇಶನ್ ದಾಖಲೆ ತೆಗೆದುಕೊಂಡರು. ಅದರಲ್ಲಿ ಹೆಸರುಗಳಿರಲಿಲ್ಲ. ಒಬ್ಬ ವ್ಯಕ್ತಿ ಯಾವ ಹೊತ್ತಿಗೆ ಎಲ್ಲಿದ್ದ ಅನ್ನುವ ಬರೀ 4 ಗುರುತುಗಳು ಸಿಕ್ಕರೆ, 95 ಶೇಕಡಾ ಜನರ ಗೆರೆಯನ್ನು ಉಳಿದವರ ಗೆರೆಗಳಿಂದ ಬೇರ್ಪಡಿಸಲು ಆಯಿತು. ಅದೂ ಮೊಬೈಲ್ ಟವರ್‌ನ ಒರಟು ಲೆಕ್ಕದಲ್ಲಿ, ಗಂಟೆಗೊಂದು ಗುರುತು. ನಮ್ಮ ಡಬ್ಬಿಗಳು ಹತ್ತಿಪ್ಪತ್ತು ಸೆಕೆಂಡಿಗೊಮ್ಮೆ, ಕೆಲವೇ ಮೀಟರ್ ಆಚೀಚೆಯ ನಿಖರತೆಯಲ್ಲಿ ಗುರುತು ಹಾಕುತ್ತವೆ.

ಗೆರೆಗೆ ಹೆದರಿ ಕೆಲವು ಡ್ರೈವರ್‌ಗಳು ಏನು ಮಾಡುತ್ತಾರೆ ಗೊತ್ತಾ? ಜಾಮರ್ ಹಾಕುತ್ತಾರೆ, ಅಂದರೆ ಜಿಪಿಎಸ್ ಸಂಕೇತ ಡಬ್ಬಿಗೆ ಕೇಳಿಸದ ಹಾಗೆ ಅಡ್ಡಿ ಮಾಡುವ ಯಂತ್ರ. ದಯವಿಟ್ಟು ಹಾಕಬೇಡಿ. 2012ರಲ್ಲಿ ಅಮೆರಿಕದ ನ್ಯೂವಾರ್ಕ್ ವಿಮಾನ ನಿಲ್ದಾಣದಲ್ಲಿ ವಿಮಾನ ಇಳಿಸಲು ನೆರವಾಗುವ ಜಿಪಿಎಸ್ ಆಧಾರಿತ ವ್ಯವಸ್ಥೆಗೆ ಅಡ್ಡಿಯಾಗುತ್ತಿತ್ತು. ಹುಡುಕಿದರೆ ಸಿಕ್ಕಿದ್ದು ಒಂದು ಕಂಪನಿಯ ಪಿಕಪ್ ಗಾಡಿ. ಅದರ ಡ್ರೈವರ್ ತಾನೆಲ್ಲಿದ್ದೇನೆ ಅಂತ ಯಜಮಾನರಿಗೆ ಕಾಣಬಾರದು ಅಂತ ಜಾಮರ್ ಹಾಕಿಕೊಂಡಿದ್ದರು. ಮರುವರ್ಷ ಅವರಿಗೆ ಸುಮಾರು 32,000 ಡಾಲರ್ ದಂಡ ಹಾಕುವುದಾಗಿ ಅಲ್ಲಿನ ಅಧಿಕಾರಿಗಳು ನೋಟಿಸ್ ಕೊಟ್ಟರು. ಅವರು ಮಾಡಿದ್ದು ಅಪಾಯದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಫ್ ಮಾಡಲು ಒಂದು ಬಟನ್ ಕೊಟ್ಟಿದ್ದರೆ ಅವರು ಜಾಮರ್ ಹುಡುಕಿಕೊಂಡು ಹೋಗುತ್ತಿದ್ದರಾ? ಈ ಪ್ರಶ್ನೆಯನ್ನು ಮಾಲೀಕರು ಕೇಳಿಕೊಳ್ಳಬೇಕು.

ಅದೇ ದೇಶದಲ್ಲಿ ನನಗೆ ತುಂಬ ಹಿಡಿಸಿದ ಒಂದು ನಿಯಮವೂ ಇದೆ. ಅಲ್ಲಿ ಟ್ರಕ್ ಡ್ರೈವರ್ ಎಷ್ಟು ಗಂಟೆ ಓಡಿಸಿದರು ಅಂತ ಬರೆದಿಡುವ ಎಲೆಕ್ಟ್ರಾನಿಕ್ ಲಾಗ್ 2017ರ ಡಿಸೆಂಬರ್‌ನಿಂದ ಹೆಚ್ಚಿನ ಟ್ರಕ್‌ಗಳಿಗೆ ಕಡ್ಡಾಯ. ಇದು ಸುಲಭಕ್ಕೆ ಬರಲಿಲ್ಲ. 2010ರಲ್ಲಿ ಮಾಡಿದ್ದ ಹಿಂದಿನ ನಿಯಮವನ್ನು ಡ್ರೈವರ್‌ಗಳ ಒಂದು ಸಂಘ ಕೋರ್ಟಿಗೆ ಎಳೆಯಿತು. ಈ ಯಂತ್ರ ಹಿಡಿದುಕೊಂಡು ಡ್ರೈವರ್‌ಗಳಿಗೆ ಕಿರುಕುಳ ಕೊಡುವುದನ್ನು ತಡೆಯುವ ಬಗ್ಗೆ ಸರಿಯಾಗಿ ಯೋಚಿಸಿಲ್ಲ ಅಂತ 2011ರಲ್ಲಿ ಕೋರ್ಟು ಆ ನಿಯಮವನ್ನೇ ತಳ್ಳಿಹಾಕಿತು. ಹಾಗಾಗಿ ಹೊಸ ನಿಯಮದಲ್ಲಿ ಕಿರುಕುಳಕ್ಕೆ ನಿಷೇಧ ಬಂತು, ಡ್ರೈವರ್‌ಗೆ ತನ್ನ ದಾಖಲೆ ನೋಡುವ ಹಕ್ಕು ಬಂತು. ಇನ್ನೊಂದು ಸಣ್ಣ ವಿವರ ಕೇಳಿ. ಡ್ಯೂಟಿಯಲ್ಲಿ ಓಡಿಸುವಾಗ ಆ ಲಾಗ್ ಸುಮಾರು ಒಂದು ಮೈಲಿಯ ಮಟ್ಟಕ್ಕೆ ಲೊಕೇಶನ್ ಬರೆಯುತ್ತದೆ. ಡ್ರೈವರ್ ಸ್ವಂತ ಕೆಲಸಕ್ಕೆ ಗಾಡಿ ತೆಗೆದಿದ್ದೇನೆ ಅಂತ ಒತ್ತಿದರೆ, ಅದು ಸುಮಾರು 10 ಮೈಲಿಯಷ್ಟು ಮಸುಕಾಗುತ್ತದೆ. ಅಂದರೆ 16 ಕಿಲೋಮೀಟರ್. ಗಾಡಿ ಯಾವ ಊರ ಸುತ್ತ ಇದೆ ಅಂತ ತಿಳಿಯುತ್ತದೆ, ಯಾರ ಮನೆ ಮುಂದೆ ಇದೆ ಅಂತ ತಿಳಿಯುವುದಿಲ್ಲ. 2000ದಲ್ಲಿ ತೆಗೆದ ಮಸುಕನ್ನು ಡ್ರೈವರ್‌ನ ಮರ್ಯಾದೆಗಾಗಿ ವಾಪಸ್ ತಂದ ಹಾಗಿದೆ ಇದು. ಹಾಗೆಂದು ಇದು ಆ ಸರ್ಕಾರಿ ಲಾಗ್‌ನ ಮಟ್ಟಿಗೆ ಮಾತ್ರ. ಕಂಪನಿ ತನ್ನದೇ ಬೇರೆ ಟ್ರ್ಯಾಕರ್ ಹಾಕಿಕೊಂಡರೆ ಈ ಮಸುಕು ಅದಕ್ಕೆ ಅನ್ವಯಿಸುವುದಿಲ್ಲ.

ಫ್ರಾನ್ಸ್‌ನಲ್ಲಿ ಮಾಹಿತಿ ರಕ್ಷಣೆ ನೋಡಿಕೊಳ್ಳುವ ಸಂಸ್ಥೆ ಗೆರೆಯ ಉದ್ದಕ್ಕೇ ಮಿತಿ ಹಾಕಿದೆ. ಸಾಮಾನ್ಯವಾಗಿ 2 ತಿಂಗಳು, ಅದಕ್ಕಿಂತ ಜಾಸ್ತಿ ಇಡಲು ಕಾರಣ ಬೇಕು. ಕೆಲಸದ ಹೊತ್ತು ಮುಗಿದ ಮೇಲೆ ಡ್ರೈವರ್ ಅದನ್ನು ಆಫ್ ಮಾಡುವ ಹಾಗಿರಬೇಕು. ಆದರೆ ಕೋರ್ಟುಗಳು ಯಾವಾಗಲೂ ನೌಕರರ ಕಡೆಗೇ ಇರುತ್ತವೆ ಅಂದುಕೊಳ್ಳಬೇಡಿ. ಪೋರ್ಚುಗಲ್‌ನಲ್ಲಿ ಔಷಧ ಕಂಪನಿಯ ಪ್ರತಿನಿಧಿಯೊಬ್ಬರನ್ನು ಕಾರಿನ ಜಿಪಿಎಸ್ ದಾಖಲೆ ಇಟ್ಟುಕೊಂಡು ಕೆಲಸದಿಂದ ತೆಗೆದರು. 2022ರ ಡಿಸೆಂಬರ್‌ನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಇಲ್ಲಿ ಅವರ ಖಾಸಗಿತನದ ಹಕ್ಕಿಗೆ ಧಕ್ಕೆ ಆಗಿಲ್ಲ ಅಂತ ತೀರ್ಪು ಕೊಟ್ಟಿತು. 4 ನ್ಯಾಯಮೂರ್ತಿಗಳು ಹೌದು ಅಂದರು, 3 ಮಂದಿ ಒಪ್ಪಲಿಲ್ಲ. ನ್ಯಾಯಾಲಯ ಒಪ್ಪಿದ್ದಕ್ಕೆ ಒಂದು ಕಾರಣ ನೋಡಿ: ಅಲ್ಲಿನ ಕೋರ್ಟು ಲೆಕ್ಕಕ್ಕೆ ತೆಗೆದುಕೊಂಡದ್ದು ಕಾರು ಎಷ್ಟು ಕಿಲೋಮೀಟರ್ ಓಡಿತು ಅನ್ನುವುದನ್ನು ಮಾತ್ರ. ಎಲ್ಲಿಗೆ ಹೋಯಿತು ಅನ್ನುವುದನ್ನಲ್ಲ. ಸೋತ ಕೇಸಿನಲ್ಲೂ ಈ ವ್ಯತ್ಯಾಸ ಉಳಿದಿದೆ.

ಡಬ್ಬಿ ತಪ್ಪು ಮಾಡುವುದಿಲ್ಲ ಅಂತ ಮಾಲೀಕರು ನಂಬುತ್ತಾರೆ. ನಾನು ಕೂರಿಸಿದವನು, ಹೇಳುತ್ತೇನೆ ಕೇಳಿ, ಮಾಡುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ತಡವಾಗಿ ಬರುತ್ತದೆ. ಆಗ ನಿಂತ ಗಾಡಿ ನಕ್ಷೆಯಲ್ಲಿ ಓಡಾಡುತ್ತದೆ. ಹೆದ್ದಾರಿಯಲ್ಲಿ ಹೋಗುತ್ತಿರುವ ಗಾಡಿ ಪಕ್ಕದ ಸರ್ವಿಸ್ ರೋಡಿನಲ್ಲಿದೆ ಅಂತ ತೋರಿಸಿ, ಅಲ್ಲಿನ ವೇಗದ ಮಿತಿ ಹಿಡಿದು ಓವರ್‌ಸ್ಪೀಡ್ ಅಲರ್ಟ್ ಬಂದಿರುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ನಾಯಿ ಅಡ್ಡ ಬಂದು ಜೋರಾಗಿ ಬ್ರೇಕ್ ಹಾಕಿದರೂ ಹಾರ್ಶ್ ಬ್ರೇಕ್ ಅಂತ ರಿಪೋರ್ಟಿನಲ್ಲಿ ಡ್ರೈವರ್‌ಗೆ ಕೊಡುವ ಅಂಕ ಕಡಿಮೆಯಾಗುತ್ತದೆ. ಯಂತ್ರಕ್ಕೆ ಬ್ರೇಕ್ ಗೊತ್ತು, ನಾಯಿ ಗೊತ್ತಿಲ್ಲ. ನಾಯಿಯನ್ನು ಕಂಡವರು ಡ್ರೈವರ್ ಒಬ್ಬರೇ. ಅವರಿಗೆ ರಿಪೋರ್ಟ್ ತೋರಿಸದಿದ್ದರೆ ಆ ವಿಷಯ ಯಾರು ಹೇಳಬೇಕು?

ಸಹಿ ಹಾಕಿಸಿಕೊಂಡಿದ್ದೇವಲ್ಲ ಅಂತ ಹೇಳುವವರಿದ್ದೀರಿ. ಕೆಲಸ ಬೇಕಾದವರು ಸಹಿ ಹಾಕದೆ ಇರುತ್ತಾರಾ? ಯುರೋಪಿನ ಮಾಹಿತಿ ರಕ್ಷಣಾ ಅಧಿಕಾರಿಗಳು 2017ರಲ್ಲೇ ಇದನ್ನು ಹೇಳಿದ್ದಾರೆ: ಯಜಮಾನ ಮತ್ತು ನೌಕರರ ನಡುವೆ ಸಮಬಲ ಇಲ್ಲ, ಅಲ್ಲಿ ಒಪ್ಪಿಗೆಯನ್ನೇ ನೆಚ್ಚಿಕೊಳ್ಳುವಂತಿಲ್ಲ. ಟ್ರ್ಯಾಕರ್ ಇದೆ ಅನ್ನುವ ಸೂಚನೆ ಡ್ರೈವರ್ ಕಣ್ಣಿಗೆ ಬೀಳುವ ಜಾಗದಲ್ಲೇ ಇದ್ದರೆ ಒಳ್ಳೆಯದು ಅಂತಲೂ ಹೇಳಿದ್ದಾರೆ. ಭಾರತದಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್‌ನ 9 ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿತು. 2023ರ ಮಾಹಿತಿ ರಕ್ಷಣಾ ಕಾನೂನು ಮಾತ್ರ ಉದ್ಯೋಗದ ಉದ್ದೇಶಕ್ಕೆ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಲು ದಾರಿ ಬಿಟ್ಟಿದೆ. ಅಲ್ಲಿಗೆ ತೀರ್ಮಾನ ಬಹುಪಾಲು ಗಾಡಿ ಇಟ್ಟವರ ಕೈಯಲ್ಲೇ ಉಳಿಯುತ್ತದೆ.

ಹಾಗಾಗಿ ನಿಮ್ಮ ಹತ್ತಿರವೇ ಕೇಳುತ್ತೇನೆ. ನಾಳೆ ಆಫೀಸಿಗೆ ಹೋದ ಮೇಲೆ ಸೆಟ್ಟಿಂಗ್ ತೆರೆಯಿರಿ. ಹಿಸ್ಟರಿ ಎಷ್ಟು ದಿನ ಉಳಿಯುತ್ತಿದೆ ನೋಡಿ. ಎಷ್ಟೋ ಕಡೆ ಯಾರೂ ತೀರ್ಮಾನ ಮಾಡಿರುವುದೇ ಇಲ್ಲ, ಸುಮ್ನೆ ವರ್ಷಗಟ್ಟಲೆ ಬಿದ್ದಿರುತ್ತದೆ. ಟ್ರಿಪ್ ಬಿಲ್ ಆಗುವವರೆಗೆ ಇಟ್ಟುಕೊಳ್ಳಿ, ಆಮೇಲೆ ಕಿಲೋಮೀಟರ್ ಲೆಕ್ಕ ಉಳಿಸಿ ಗೆರೆ ಅಳಿಸಿ. ಡ್ಯೂಟಿ ಮುಗಿದ ಮೇಲೆ ಕಳ್ಳತನದ ಅಲರ್ಟ್ ಮಾತ್ರ ಇರಲಿ. ಡ್ರೈವರ್ ಮೊಬೈಲಿಗೂ ಒಂದು ಲಾಗಿನ್ ಕೊಡಿ, ನಿಮಗೆ ಕಾಣುವ ಪರದೆಯೇ ಅವರಿಗೂ ಕಾಣಲಿ. ಹಳೆಯ ದಾಖಲೆ ಯಾರು, ಯಾವಾಗ, ಯಾಕೆ ತೆಗೆದರು ಅನ್ನುವುದೂ ಅದರಲ್ಲಿ ಬರೆದಿರಲಿ. ಆ ದಿನ ನನ್ನನ್ನು ಯಾಕೆ ಅಂತ ಕೇಳುವ ಒಂದು ಖಾಲಿ ಜಾಗ ಪರದೆಯಲ್ಲಿ ಇದ್ದಿದ್ದರೆ, ಅದರಲ್ಲಿ ಏನು ಬರೆಯಬೇಕು ಅಂತ ತೋಚದೆ ಮ್ಯಾನೇಜರ್‌ಗೆ ವಾಪಸ್ ಫೋನ್ ಮಾಡುತ್ತಿದ್ದೆ.

ಈಗ ಪ್ರಶ್ನೆಗಳಿದ್ದರೆ ಕೇಳಿ. ಮೊದಲು ಡ್ರೈವರ್‌ಗಳು ಕೇಳಲಿ.