ರಬ್ಬರ್ ಮೊದಲು, ರಿಮ್ ಆಮೇಲೆ

ಹಳೇ ಸ್ಪೋರ್ಟ್ಸ್ ಕಾರು ತಗೊಂಡವರು ಮೊದಲ ತಿಂಗಳಲ್ಲಿ ಏನು ಖರೀದಿ ಮಾಡುತ್ತಾರೆ ಗೊತ್ತಾ? ಚಕ್ರ. ಪಳಪಳ ಹೊಳೆಯುವ ಅಲಾಯ್ ಚಕ್ರ. ಆಮೇಲೆ ಕಾರನ್ನು ನೆಲಕ್ಕೆ ಇಳಿಸುವ ಕಾಯಿಲ್‌ಓವರ್ ಸಸ್ಪೆನ್ಷನ್. ಅದಾದ ಮೇಲೆ ಬೀದಿ ನಾಯಿಗಳನ್ನೆಲ್ಲ ಎಬ್ಬಿಸುವ ಸೈಲೆನ್ಸರ್. ಇಷ್ಟೆಲ್ಲ ಖರ್ಚು ಮಾಡಿ ಒಂದು ಭಾನುವಾರ ಹೈವೇ ಪಕ್ಕ ಬಾನೆಟ್ ಎತ್ತಿ ನಿಂತಿರುತ್ತಾರೆ. ಏನಾಯ್ತಪ್ಪಾ ಅಂದರೆ, ಮೂವತ್ತು ವರ್ಷ ಹಳೆಯ ಹೀಟರ್ ಹೋಸ್, ಅಂದರೆ ಬಿಸಿ ಕೂಲೆಂಟ್ ಹರಿಯುವ ರಬ್ಬರ್ ಕೊಳವೆ, ಒಡೆದಿದೆ.

ನಮಸ್ಕಾರ. ಇವತ್ತು ಸ್ವಲ್ಪ ಜಗಳ ಆಡೋಣ ಅಂತಲೇ ಮೈಕ್ ಮುಂದೆ ಕೂತಿದ್ದೇನೆ. ನನ್ನ ವಾದ ಇಷ್ಟೇ. ಹಳೇ ಸ್ಪೋರ್ಟ್ಸ್ ಕಾರಿಗೆ ಎಂಜಿನ್‌ಗಿಂತ ಮುಂಚೆ ರಬ್ಬರಿಗೆ ವಯಸ್ಸಾಗುತ್ತದೆ. ಹೋಸ್, ಬುಷ್, ಸೀಲ್, ಓ-ರಿಂಗ್, ಬೆಲ್ಟ್, ಟೈರ್. ನಿಮ್ಮ ಮೊದಲ ದುಡ್ಡು ಅಲ್ಲಿಗೆ ಹೋಗಬೇಕು. ಅದೆಲ್ಲ ಹೊಸದಾಗುವ ತನಕ ಕಾರಿಗೆ ಒಂದೇ ಒಂದು ಅಲಂಕಾರ ಬೇಡ. ರಿಮ್ಮೂ ಬೇಡ, ಸ್ಟಿಕ್ಕರ್ರೂ ಬೇಡ.

ನಾನು ಮಾತಾಡುತ್ತಿರುವುದು ಮಜ್ದಾ ಮಿಯಾಟಾ ಬಗ್ಗೆ. ಅಮೆರಿಕದ ಹೊರಗೆ ಹಲವು ಕಡೆ ಎಂಎಕ್ಸ್-5 ಅಂತ ಮಾರಿದರಲ್ಲ, ಅದೇ. ಅದರಲ್ಲೂ ಮೊದಲ ತಲೆಮಾರು, ಪ್ರೀತಿಸುವವರೆಲ್ಲ 'ಎನ್‌ಎ' ಅಂತ ಕರೆಯುವ ಕಾರು. ಇಲ್ಲಿ ನ್ಯೂಜೆರ್ಸಿಯಲ್ಲಿ ನಮ್ಮ ಕನ್ನಡದವರಲ್ಲೇ ಇದರ ಹುಚ್ಚು ಹಿಡಿದವರು ಇದ್ದಾರೆ. ವಾರವೆಲ್ಲ ಲ್ಯಾಪ್‌ಟಾಪ್, ಶನಿವಾರ ಜಾಕ್ ಮತ್ತು ಸ್ಪ್ಯಾನರ್. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಈ ಕಾರನ್ನು ಮೊದಲು ತೋರಿಸಿದರು. 1997ರವರೆಗೆ ಈ ರೂಪದಲ್ಲಿ ತಯಾರಾಯಿತು. ಎರಡೇ ಸೀಟು, ಕೈಯಲ್ಲೇ ಮಡಚುವ ಟಾಪ್, ಕಣ್ಣು ಬಿಟ್ಟ ಹಾಗೆ ಮೇಲೇಳುವ ಹೆಡ್‌ಲೈಟ್. ಮೊದಮೊದಲು 1.6 ಲೀಟರ್ ಎಂಜಿನ್, ಶಕ್ತಿ 116 ಅಶ್ವಶಕ್ತಿ. 1994ರ ಮಾಡೆಲ್‌ನಿಂದ 1.8 ಲೀಟರ್ ಬಂತು. ಇವತ್ತು ಮಕ್ಕಳನ್ನು ಸ್ಕೂಲಿಗೆ ಬಿಡುವ ಕಾರಿಗೂ ಇದಕ್ಕಿಂತ ಜಾಸ್ತಿ ಶಕ್ತಿ ಇರುತ್ತದೆ.

ಹಾಗಾದರೆ ಮಜಾ ಎಲ್ಲಿಂದ? ತೂಕದಿಂದ. ಮೊದಲ ಕಾರುಗಳು ಒಂದು ಟನ್‌ಗೂ ಕಡಿಮೆ. ಯೋಜನೆಯ ಮುಖ್ಯಸ್ಥ ತೋಷಿಹಿಕೋ ಹಿರಾಯ್ ಮತ್ತು ಅವರ ತಂಡ ತೂಕದ ವಿಷಯದಲ್ಲಿ ಬಹಳ ಜಿಪುಣರು. ಜೊತೆಗೆ ನಾಲ್ಕೂ ಚಕ್ರಕ್ಕೆ ಡಬಲ್ ವಿಷ್‌ಬೋನ್ ಸಸ್ಪೆನ್ಷನ್. ಅಂದರೆ ಪ್ರತಿ ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿದುಕೊಂಡಿರುತ್ತದೆ. ಆ ತೋಳುಗಳು ಕಾರಿಗೆ ಸೇರುವ ಕಡೆಯೆಲ್ಲ ಒಂದೊಂದು ರಬ್ಬರ್ ಬುಷ್.

ನೋಡಿ, ಬಂತು ರಬ್ಬರ್.

ಈ ಬುಷ್‌ಗಳು ಮೂವತ್ತು ವರ್ಷ ಬಿಸಿಲು, ಆಯಿಲ್, ಉಪ್ಪು ಎಲ್ಲ ಕುಡಿದು ಒಣಗಿದ ಚಪಾತಿ ಥರ ಆಗಿರುತ್ತವೆ. ಬಿರುಕು ಬಿಟ್ಟಿರುತ್ತವೆ, ಒಳಗಿನ ಸ್ಲೀವ್‌ನಿಂದ ಬಿಟ್ಟುಕೊಂಡಿರುತ್ತವೆ. ಆಗ ತಿರುವಿನಲ್ಲಿ ಕಾರು ಒಂದು ಕ್ಷಣ ಯೋಚನೆ ಮಾಡಿ ಆಮೇಲೆ ತಿರುಗುತ್ತದೆ. ಬ್ರೇಕ್ ಒತ್ತಿದರೆ ಹಿಂಭಾಗ ಸಣ್ಣಗೆ ಪಕ್ಕಕ್ಕೆ ಜಾರಿದ ಹಾಗೆ ಅನ್ನಿಸುತ್ತದೆ. ಮಾಲೀಕ ಏನು ಅಂದುಕೊಳ್ಳುತ್ತಾನೆ? "ಸಸ್ಪೆನ್ಷನ್ ಹಳೇದು, ಸ್ಪ್ರಿಂಗ್ ಮೆತ್ತಗಿದೆ." ಗಟ್ಟಿ ಸ್ಪ್ರಿಂಗ್ ಹಾಕಿಸುತ್ತಾನೆ. ಈಗ ಕಾರು ಬುಡಬುಡ ಹಾರುತ್ತದೆ, ಸೊಂಟ ನೋಯುತ್ತದೆ, ಆದರೆ ಆ ಒಂದು ಕ್ಷಣದ ಯೋಚನೆ ಹಾಗೇ ಇದೆ. ಯಾಕೆಂದರೆ ಬುಷ್ ಹಾಗೇ ಇದೆಯಲ್ಲ!

ಎಷ್ಟೋ ಮಂದಿ ಹೊಸ ಬುಷ್ ಇರುವ, ಕಂಪನಿ ಸ್ಪ್ರಿಂಗ್‌ನ ಎನ್‌ಎ ಹೇಗೆ ಓಡುತ್ತದೆ ಅಂತ ಒಮ್ಮೆಯೂ ನೋಡದೆ "ಈ ಕಾರಿನ ಹ್ಯಾಂಡ್ಲಿಂಗ್ ಸರಿಪಡಿಸಬೇಕು" ಅಂತ ಹೊರಡುತ್ತಾರೆ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ.

ಬುಷ್ ಕೆಲಸ ಸುಲಭ ಅಂತ ನಾನು ಹೇಳಲ್ಲ. ಅಲೈನ್‌ಮೆಂಟ್ ಸರಿಮಾಡಲು ಕೆಳಗಿನ ತೋಳುಗಳಲ್ಲಿ ಉದ್ದನೆಯ ಬೋಲ್ಟ್‌ಗಳಿರುತ್ತವೆ. ಅವು ತುಕ್ಕು ಹಿಡಿದು ಬುಷ್‌ನ ಒಳಗಿನ ಸ್ಲೀವ್‌ಗೆ ಕಚ್ಚಿಕೊಂಡುಬಿಡುತ್ತವೆ. ನಟ್ ಬಿಚ್ಚುತ್ತದೆ, ಬೋಲ್ಟ್ ಮಾತ್ರ ಅಲ್ಲಾಡಲ್ಲ. ಬಿಸಿ ಮಾಡಿ, ಸುತ್ತಿಗೆಯಿಂದ ಹೊಡೆದು, ಕೊನೆಗೆ ಗರಗಸದಲ್ಲಿ ಕೊಯ್ಯಬೇಕಾಗುತ್ತದೆ. ಹಾಗಾಗಿ ಕೆಲಸ ಶುರು ಮಾಡುವ ಮುಂಚೆಯೇ ಹೊಸ ಬೋಲ್ಟ್ ತರಿಸಿಟ್ಟುಕೊಳ್ಳಿ. ಇನ್ನೊಂದು ವಿಷಯ. ರಬ್ಬರ್ ಬುಷ್ ಹಾಕಿದ ಮೇಲೆ ಅದರ ಬೋಲ್ಟ್‌ಗಳ ಕೊನೇ ಬಿಗಿತ ಕಾರು ಚಕ್ರದ ಮೇಲೆ ನಿಂತಿರುವಾಗಲೇ ಆಗಬೇಕು. ಗಾಳಿಯಲ್ಲಿ ನೇತಾಡುವಾಗ ಬಿಗಿಮಾಡಿದರೆ, ಕೆಳಗಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಸರಿ, ಈಗ ಆಯಿಲ್ ವಿಷಯ. ಇದು ನನ್ನ ಕಾರಿನದೇ ಕಥೆ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ಕೆಳಗಡೆ ಆಯಿಲ್ ತೊಟ್ಟಿಕ್ಕುತ್ತಿತ್ತು. ಒಂದು ಗ್ಯಾರೇಜಿನವರು ಲಿಫ್ಟ್ ಮೇಲೆ ಏರಿಸಿ, ಟಾರ್ಚ್ ಹಾಕಿ ನೋಡಿದರು. "ರಿಯರ್ ಮೇನ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು" ಅಂದರು. ಅಂದರೆ ಎಂಜಿನ್ನಿನ ಹಿಂದಿನ ತುದಿಯಲ್ಲಿ ಆಯಿಲ್ ತಡೆಯುವ ಸೀಲ್. ಹೇಳಿದ ರೇಟು ಕೇಳಿ ನನಗೆ ತಲೆ ತಿರುಗಿತು. ಕೆಳಗಿನಿಂದ ನೋಡಿದರೆ ಹಾಗೇ ಕಾಣುತ್ತದೆ, ನಿಜ. ಆದರೆ ಆಯಿಲ್ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ ಅಲ್ವಾ? ಮೇಲೆ ಯಾರೂ ನೋಡಿರಲಿಲ್ಲ.

ಈ ಎಂಜಿನ್‌ನ ಹೆಡ್ (ಅಂದರೆ ಮೇಲಿನ ಭಾಗ) ಹಿಂಭಾಗದಲ್ಲಿ, ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಫೈರ್‌ವಾಲ್ ಪಕ್ಕದ ಇಕ್ಕಟ್ಟಿನಲ್ಲಿ, ಕ್ಯಾಮ್ ಆ್ಯಂಗಲ್ ಸೆನ್ಸರ್ ಅಂತ ಒಂದು ಇದೆ. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಅದನ್ನು ತಿರುಗಿಸುತ್ತದೆ, ಅದು ಕಂಪ್ಯೂಟರಿಗೆ ಸ್ಪಾರ್ಕ್ ಯಾವಾಗ ಕೊಡಬೇಕು ಅಂತ ಹೇಳುತ್ತದೆ. ಅದರ ಸುತ್ತ ಆಯಿಲ್ ತಡೆಯುವ ಒಂದು ರಬ್ಬರ್ ಉಂಗುರ, ಓ-ರಿಂಗ್. ಮೂವತ್ತು ವರ್ಷದ ಬಿಸಿಗೆ ಅದು ಪ್ಲಾಸ್ಟಿಕ್ ಹಾಗೆ ಗಟ್ಟಿಯಾಗಿ ಆಯಿಲ್ ಬಿಡುತ್ತದೆ. ಆಯಿಲ್ ಹೆಡ್ಡಿನ ಹಿಂದೆ ಸದ್ದಿಲ್ಲದೆ ಹರಿದು ಗೇರ್‌ಬಾಕ್ಸ್ ಮೇಲೆ ಬೀಳುತ್ತದೆ. ದಾರಿಯಲ್ಲಿ ಹೀಟರ್ ಹೋಸ್ ಇದೆ, ಅದಕ್ಕೂ ಅಭಿಷೇಕ. ಆಯಿಲ್ ಕುಡಿದ ಹೋಸ್ ಉಬ್ಬಿ ಮೆತ್ತಗಾಗುತ್ತದೆ, ಒಂದು ದಿನ ಒಡೆಯುತ್ತದೆ. ಕೂಲೆಂಟ್ ಎಲ್ಲ ರಸ್ತೆ ಪಾಲು. ಹೆಡ್ ಅಲ್ಯೂಮಿನಿಯಮ್‌ನದು. ಕೂಲೆಂಟ್ ಹೋದದ್ದು ಗಮನಿಸದೆ ಓಡಿಸಿದರೆ ಆ ಹೆಡ್ ಬಿಸಿಗೆ ಬಾಗುತ್ತದೆ. ಒಂದು ಕಾಫಿ ದುಡ್ಡಿನ ಓ-ರಿಂಗ್ ಹೀಗೆ ಎಂಜಿನ್‌ವರೆಗೂ ಹೋಗುತ್ತದೆ.

ಕೆಲಸ ಅಂದರೆ, ಸೆನ್ಸರ್ ಎಲ್ಲಿ ಕೂತಿದೆ ಅಂತ ಮೊದಲು ಮಾರ್ಕರ್‌ನಲ್ಲಿ ಗೆರೆ ಎಳೆಯಬೇಕು. ಆ ಸೆನ್ಸರ್ ಸ್ವಲ್ಪ ತಿರುಗಿದರೂ ಇಗ್ನಿಷನ್ ಟೈಮಿಂಗ್ ಬದಲಾಗುತ್ತದೆ. ಆಮೇಲೆ 12 ಎಂಎಂ ಬೋಲ್ಟ್ ಒಂದನ್ನು ಬಿಚ್ಚಬೇಕು. ಬೋಲ್ಟ್ ಕಣ್ಣಿಗೆ ಕಾಣಲ್ಲ, ಬೆರಳಲ್ಲೇ ಹುಡುಕಬೇಕು. ಸೆನ್ಸರ್ ಹೊರಗೆ ಬಂದಾಗ ನನ್ನ ಓ-ರಿಂಗ್ ಉಗುರಿಗೆ ಸಿಕ್ಕಿ ಚಟ್ ಅಂತ ಮುರಿಯಿತು. ರಬ್ಬರ್ ಮುರಿಯಬಾರದು, ಅಲ್ವಾ? ಹೊಸದಕ್ಕೆ ಸ್ವಲ್ಪ ಆಯಿಲ್ ಸವರಿ ಹಾಕಿ, ಗೆರೆಗೆ ಗೆರೆ ಕೂಡಿಸಿ ಬಿಗಿಮಾಡಿದೆ. ಆಮೇಲೆ ಬಾನೆಟ್ ಕೆಳಗಿನ ಡಯಾಗ್ನೋಸ್ಟಿಕ್ ಡಬ್ಬಿಯಲ್ಲಿ 'ಟೆನ್' (TEN) ಮತ್ತು ಗ್ರೌಂಡ್ ಅನ್ನುವ ಎರಡು ಪಿನ್‌ಗಳಿಗೂ ಒಂದು ತುಂಡು ವೈರ್ ಜೋಡಿಸಿ, ಟೈಮಿಂಗ್ ಲೈಟ್ ಹಿಡಿದು 10 ಡಿಗ್ರಿ ಇದೆಯಾ ಅಂತ ನೋಡಿದೆ. ಮುಗೀತು. ಗೇರ್‌ಬಾಕ್ಸ್ ಇದ್ದಲ್ಲೇ ಇದೆ.

ಆ ಗ್ಯಾರೇಜಿನವರು ಮೋಸ ಮಾಡಿದರು ಅಂತ ನಾನು ಹೇಳಲ್ಲ. ಅವರ ಕೈಗೆ ಈ ಕಾರು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ನಮ್ಮ ಮನೆಯಲ್ಲಿ ಅದು ದಿನಾ ನಿಂತಿರುತ್ತದೆ. ಮಾಲೀಕ ತನ್ನ ಕಾರಿನ ಖಾಯಿಲೆಗಳನ್ನು ತಿಳಿದಿರಬೇಕು ಅನ್ನೋದು ಇದಕ್ಕೇ. ಅಮ್ಮ ವಿಡಿಯೋ ಕಾಲ್‌ನಲ್ಲಿ ನನ್ನ ಕೈ ನೋಡಿ "ಇಷ್ಟು ಓದಿಸಿದ್ದು ಕಾರಿನ ಕೆಳಗೆ ಮಲಗೋಕಾ? ಅಲ್ಲಿ ಮೆಕ್ಯಾನಿಕ್ ಸಿಗಲ್ವೇನೋ?" ಅಂತಾರೆ. ಸಿಗ್ತಾರಮ್ಮ. ಗೇರ್‌ಬಾಕ್ಸ್ ಇಳಿಸೋಕೆ ರೆಡಿಯಾಗಿಯೇ ಇರ್ತಾರೆ.

ಪಿಸ್ಟನ್ ಮತ್ತು ವಾಲ್ವ್‌ಗಳ ತಾಳ ಕೂಡಿಸುವ ಟೈಮಿಂಗ್ ಬೆಲ್ಟ್ ಬಗ್ಗೆ ಜಾಸ್ತಿ ಹೆದರಬೇಡಿ. ಅದೂ ರಬ್ಬರೇ, 60,000 ಮೈಲಿಗೆ ಬದಲಿಸಿ ಅಂತ ಕಂಪನಿ ಹೇಳುತ್ತದೆ. ಆದರೆ ಈ ಕಾರಿನ 1.6 ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೂ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯಲ್ಲ. ಕಾರು ನಿಲ್ಲುತ್ತದೆ, ಟೋ ಮಾಡಿಸಬೇಕು, ಅಷ್ಟೇ. ಅದೇ 1980ರ ದಶಕದ ಪೋರ್ಷೆ 944 ಆಗಿದ್ದರೆ ಬೆಲ್ಟ್ ತುಂಡಾದರೆ ವಾಲ್ವ್‌ಗಳೂ ಬಾಗುತ್ತವೆ. ಕಡಿಮೆ ರೇಟಿಗೆ ಸಿಕ್ಕಿತು ಅಂತ 944 ತಗೊಂಡು ಬೆಲ್ಟ್ ಯಾವಾಗ ಹಾಕಿಸಿದ್ದು ಅಂತ ಕೇಳದವರನ್ನು ಕಂಡರೆ ನನಗೆ ಭಯ.

ಎನ್‌ಎಯಲ್ಲಿ ಹೆದರಬೇಕಾದದ್ದು ಬೆಲ್ಟ್ ಬದಲಿಸುವವನ ಕೈಗೆ. 1991ರ ಮಧ್ಯದವರೆಗೆ ಬಂದ ಕಾರುಗಳಲ್ಲಿ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟಿನ ಮುಂದಿನ ಮೂಗು ಗಿಡ್ಡ. ಬೆಲ್ಟ್ ಬದಲಿಸಬೇಕಾದರೆ ಆ ಮೂಗಿನ ದೊಡ್ಡ ಬೋಲ್ಟ್ ಬಿಚ್ಚಬೇಕು. ವಾಪಸ್ ಸರಿಯಾಗಿ ಬಿಗಿಮಾಡದಿದ್ದರೆ ಒಳಗೆ ಜಾರದಂತೆ ಹಿಡಿದಿರುವ 'ಕೀ' ಅನ್ನುವ ಲೋಹದ ತುಂಡು ಸಣ್ಣಗೆ ಆಡತೊಡಗುತ್ತದೆ, ಆಡುತ್ತ ಆಡುತ್ತ ತಾನು ಕೂತಿರುವ ಕ್ರ್ಯಾಂಕ್‌ನ ಸೀಳನ್ನೇ ತಿನ್ನುತ್ತದೆ. ಆಗ ಟೈಮಿಂಗ್ ಹಿಂದೆ ಸರಿಯುತ್ತದೆ, ಕಾರಿಗೆ ಶಕ್ತಿ ಇಲ್ಲ ಅನ್ನಿಸುತ್ತದೆ. ಕೊಳ್ಳುವ ಮುಂಚೆ ಎಂಜಿನ್ ಐಡಲ್‌ನಲ್ಲಿ ಬಿಟ್ಟು ಮುಂದಿನ ಪುಲ್ಲಿ ನೋಡಿ. ಅಲ್ಲಾಡುತ್ತಿದ್ದರೆ ಥ್ಯಾಂಕ್ಸ್ ಹೇಳಿ ಮನೆಗೆ ಬನ್ನಿ. ಗಿಡ್ಡ ಮೂಗೋ ಉದ್ದ ಮೂಗೋ ತಿಳಿಯಲು ಎಂಜಿನ್ ನಿಲ್ಲಿಸಿ ಪುಲ್ಲಿಯ ಸೀಳುಗಳನ್ನು ಎಣಿಸಿ. ನಾಲ್ಕು ಇದ್ದರೆ ಗಿಡ್ಡ, ಎಂಟು ಇದ್ದರೆ ಉದ್ದ. ಗಿಡ್ಡ ಅಂದ ಮಾತ್ರಕ್ಕೆ ಕೆಟ್ಟ ಕಾರು ಅಂತಲ್ಲ, ಹುಷಾರಾಗಿ ನೋಡಿಕೊಂಡ ಎಷ್ಟೋ ಕಾರುಗಳು ಇವತ್ತಿಗೂ ಓಡುತ್ತಿವೆ.

ತುಕ್ಕು? ಅದೂ ಒಂದು ರೀತಿ ಟಾಪಿನ ಕಥೆಯೇ. ಬಟ್ಟೆ ಟಾಪಿನ ಮೇಲೆ ಬಿದ್ದ ಮಳೆ ನೀರು ಸೀಟಿನ ಹಿಂದಿನ ಕಾಲುವೆಗೆ ಬಂದು, ಎರಡೂ ಪಕ್ಕದ ಕೊಳವೆಯಲ್ಲಿ ಇಳಿದು ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬೀಳಬೇಕು. ಕೊಳವೆಯಲ್ಲಿ ಎಲೆ, ಮಣ್ಣು ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಸಿಲ್ ಒಳಗೆ ನಿಲ್ಲುತ್ತದೆ. ತುಕ್ಕು ಒಳಗಿನಿಂದ ಹೊರಕ್ಕೆ ಬರುತ್ತದೆ. ನಿಮಗೆ ಬಣ್ಣದ ಮೇಲೆ ಒಂದು ಸಣ್ಣ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ತಗಡೇ ಇರಲ್ಲ. ಟಿಂಕರಿಂಗ್ ಮಾಡಿ ಪುಟ್ಟಿ ಹಚ್ಚಿ ಮಾರಿದ ಕಾರು ಇಲ್ಲಿ ಬೇಕಾದಷ್ಟಿವೆ, ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಊರು ಬೇರೆ. ಕಾರು ನೋಡಲು ಹೋಗುವಾಗ ಜೇಬಲ್ಲಿ ಫ್ರಿಜ್ಜಿನ ಮೇಲೆ ಅಂಟಿಸುವ ಮ್ಯಾಗ್ನೆಟ್ ಇರಲಿ. ಹಿಂದಿನ ಚಕ್ರದ ಮುಂದೆ, ಸಿಲ್ ಮೇಲೆ ಇಡಿ. ಅಂಟಲಿಲ್ಲ ಅಂದರೆ ಅಲ್ಲಿ ಇರುವುದು ತಗಡಲ್ಲ.

ಟೈರ್ ವಿಷಯ ಎರಡೇ ಮಾತು. ಪಕ್ಕದಲ್ಲಿ ಬರೆದಿರುವ ನಾಲ್ಕು ಅಂಕಿ ಓದಿ. 3212 ಅಂದರೆ 2012ರ 32ನೇ ವಾರದಲ್ಲಿ ತಯಾರಾದದ್ದು. "ಗ್ರಿಪ್ ಇನ್ನೂ ಹೊಸದರ ಹಾಗಿದೆ" ಅಂತ ಮಾರುವವರು ಹೇಳುತ್ತಾರೆ. ಓಡಿಸಿಲ್ಲ, ಅದಕ್ಕೇ ಹಾಗಿದೆ. ರಬ್ಬರ್ ಕಲ್ಲಾಗಿರುತ್ತದೆ, ಮಳೆಯಲ್ಲಿ ಗೊತ್ತಾಗುತ್ತದೆ.

ಈಗ ಕೆಲವರು ಕೇಳುತ್ತಾರೆ, ಇಷ್ಟೊಂದು ಹಳೇ ಕಾರಿಗೆ ಸಾಮಾನು ಸಿಗುತ್ತಾ ಅಂತ. ಇಲ್ಲಿ ಮಜ್ದಾಗೆ ಒಂದು ಚಪ್ಪಾಳೆ ಹೊಡೆಯಲೇಬೇಕು. 2017ರಲ್ಲಿ ಅವರು ಜಪಾನಿನಲ್ಲಿ ಎನ್‌ಎ ಕಾರುಗಳ ರಿಸ್ಟೋರೇಷನ್ ಸೇವೆ ಘೋಷಿಸಿದರು. ಅದರ ಜೊತೆ ನಿಂತುಹೋಗಿದ್ದ ಸಾಮಾನುಗಳನ್ನು ಮತ್ತೆ ತಯಾರಿಸತೊಡಗಿದರು. ಬಟ್ಟೆ ಟಾಪ್, ನಾರ್ಡಿ ಮರದ ಸ್ಟೇರಿಂಗ್, ಕೊನೆಗೆ ಬ್ರಿಜ್‌ಸ್ಟೋನ್ ಜೊತೆ ಸೇರಿ ಆಗಿನ ಕಾಲದ ಎಸ್‌ಎಫ್-325 ಟೈರ್ ಕೂಡ. ಎಲ್ಲರ ಬಾಯಲ್ಲೂ ಆ ಸ್ಟೇರಿಂಗ್ ಮಾತೇ. ನನ್ನ ಪ್ರಕಾರ ಕಾರನ್ನು ಉಳಿಸುವುದು ಫೋಟೋಗೆ ಬರದ ಸಾಮಾನು: ಬುಷ್, ಸೀಲ್, ಹೋಸ್. ಅದು ಸಿಗುತ್ತಿರುವವರೆಗೂ ಕಾರು ಓಡುತ್ತದೆ.

"ಹಾಗಾದರೆ ಎಲ್ಲ ಒರಿಜಿನಲ್ಲೇ ಇರಬೇಕಾ?" ಅಂತ ಕೇಳಬೇಡಿ. ನಾನು ಅಷ್ಟು ಮಡಿವಂತನಲ್ಲ. ಮೇಲೆ ಗಟ್ಟಿ ಛಾವಣಿ ಇಲ್ಲದ ಕಾರು, ಮಗುಚಿದರೆ ತಲೆ ಕಾಯುವ ರೋಲ್ ಬಾರ್ ಹಾಕಿಸುವವರನ್ನು ನಾನು ಮೆಚ್ಚುತ್ತೇನೆ. ಒಳ್ಳೆ ಬ್ರೇಕ್ ಪ್ಯಾಡ್ ಹಾಕಿ. ರಬ್ಬರ್ ಕೆಲಸ ಮುಗಿದ ಮೇಲೆ ನಿಮ್ಮ ಚಕ್ರವನ್ನೂ ಹಾಕಿ, ನಾನೇ ಬಂದು ಫೋಟೋ ತೆಗೆಯುತ್ತೇನೆ. ನನ್ನ ತಕರಾರು ಇನ್ನೊಂದು ಜಾತಿಯವರ ಮೇಲೆ: ರೇಟು ಏರುತ್ತದೆ ಅಂತ ಕವರ್ ಹೊದಿಸಿ ನಿಲ್ಲಿಸುವವರು. ನಿಂತ ಕಾರಿನಲ್ಲಿ ಸೀಲ್ ಒಣಗುತ್ತದೆ, ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಕ್ಯಾಲಿಪರ್ ಕಚ್ಚುತ್ತದೆ. ಕ್ಲಚ್ಚಿನ ಸ್ಲೇವ್ ಸಿಲಿಂಡರ್ ಒಳಗಿನ ರಬ್ಬರ್ ಹೋಗಿ, ಒಂದು ಬೆಳಿಗ್ಗೆ ಪೆಡಲ್ ಒತ್ತಿದರೆ ನೆಲಕ್ಕೆ ಹೋಗಿ ಅಲ್ಲೇ ಕೂರುತ್ತದೆ. ಮೀಟರ್‌ನಲ್ಲಿ ಕಡಿಮೆ ಮೈಲಿ ತೋರಿಸಿ ಜಾಸ್ತಿ ದುಡ್ಡು ಕೇಳುವ ಕಾರುಗಳಿಗಿಂತ, ಒಂದೂವರೆ ಲಕ್ಷ ಮೈಲಿ ಓಡಿ ಬಿಲ್ಲುಗಳ ಕಟ್ಟು ಇಟ್ಟಿರುವ ಕಾರನ್ನು ನಾನು ಕಣ್ಣು ಮುಚ್ಚಿ ತಗೊಳ್ಳುತ್ತೇನೆ. ಸರಿ, ಪೂರ್ತಿ ಕಣ್ಣು ಮುಚ್ಚಿ ಅಲ್ಲ. ಮ್ಯಾಗ್ನೆಟ್ ಇಟ್ಟು ನೋಡಿಯೇ.

ಮುಂದಿನ ವಿಡಿಯೋದಲ್ಲಿ ನನ್ನ ಕಾರಿನ ಹಿಂದಿನ ಬುಷ್‌ಗಳನ್ನು ಬದಲಿಸುತ್ತಿದ್ದೇನೆ. ಬೋಲ್ಟ್ ಬಂದರೆ ವಿಡಿಯೋ ಚಿಕ್ಕದು. ಬರಲಿಲ್ಲ ಅಂದರೆ ಗರಗಸ, ಬೆಂಕಿ ಎಲ್ಲ ಇರುತ್ತದೆ. ಬೈಗುಳವೂ ಇರುತ್ತದೆ, ಮಕ್ಕಳನ್ನು ಆಚೆ ಕಳಿಸಿ ನೋಡಿ.