ನನಗೇನಿಲ್ಲಪ್ಪ, ನೀವು ಹೇಳಿದ ಹಾಗೆ

ಕೇಳುಗರೇ, ನಮಸ್ಕಾರ.

ಮೊನ್ನೆ ಏನೋ ಹುಡುಕುತ್ತಾ ಅಟ್ಟದ ಮೇಲಿಂದ ಒಂದು ಹಳೆಯ ಕೈಚೀಲ ಇಳಿಸಿದೆ. ತಲೆಕೆಳಗು ಮಾಡಿ ಕೊಡವಿದರೆ ಒಂದು ಹಿಡಿ ಮರಳು ನೆಲಕ್ಕೆ ಸುರಿಯಿತು. ಅದರ ಹಿಂದೆಯೇ ಒಂದು ಚಪ್ಪಲಿ. ಒಂದೇ ಕಾಲಿನದು. ಇನ್ನೊಂದು ಎಲ್ಲಿದೆ ಅಂತ ನನಗೆ ಚೆನ್ನಾಗಿ ಗೊತ್ತು, ಸಮುದ್ರದಲ್ಲಿದೆ. ಅದು ಅಲ್ಲಿಗೆ ಹೇಗೆ ಹೋಯಿತು ಅಂತ ಹೇಳಲು ಹೊರಟರೆ ನಮ್ಮ ಮನೆಯವರೆಲ್ಲರ ಕಥೆ ಹೇಳಬೇಕಾಗುತ್ತದೆ. ಹೇಳಿಬಿಡುತ್ತೇನೆ. ಅವರ್ಯಾರೂ ಈ ಹೊತ್ತಿನಲ್ಲಿ ರೇಡಿಯೋ ಹಾಕುವುದಿಲ್ಲ.

ಹೋದ ವರ್ಷ ನಾವು ಮನೆಮಂದಿ 14 ಜನ ಮೂರು ದಿನಕ್ಕೆ ಸಮುದ್ರ ತೀರಕ್ಕೆ ಹೋಗಿದ್ದೆವು. ಎಲ್ಲರೂ ಒಂದು ಕಡೆ ಸೇರಿ ಬಹಳ ದಿನ ಆಯಿತು, ಎಲ್ಲಿಗಾದರೂ ಹೋಗೋಣ ಅಂತ ಚಿಕ್ಕಪ್ಪ ಫೋನಿನ ಗುಂಪಿನಲ್ಲಿ ಒಂದು ಮಾತು ಹಾಕಿದರು. ಎಲ್ಲಿಗೆ ಅಂತ ಅಕ್ಕ ಕೇಳಿದಳು. ಆಗ ಶುರುವಾಯಿತು ನೋಡಿ. ‘ನನಗೇನಿಲ್ಲಪ್ಪ, ನೀವು ಹೇಳಿದ ಹಾಗೆ.’ ‘ನನಗೂ ಅಷ್ಟೇ.’ ‘ಮಕ್ಕಳಿಗೆ ಖುಷಿಯಾದರೆ ಸಾಕು.’ ‘ಎಲ್ಲರಿಗೂ ಹೇಗೋ ಹಾಗೆ.’ ಮಕ್ಕಳನ್ನು ಕೇಳಿದರೆ, ವೈಫೈ ಇರಬೇಕು ಅಂದರು. ನಾಲ್ಕು ದಿನ ಹೀಗೇ ನಡೆಯಿತು. ಕೊನೆಗೆ ಭಾವನವರು, ಸಮುದ್ರ ಅಂದರೆ ಯಾರೂ ಬೇಡ ಅನ್ನಲ್ಲ ಅಲ್ವಾ, ಅಂದರು. ಯಾರೂ ಬೇಡ ಅನ್ನಲಿಲ್ಲ. ಅಷ್ಟಕ್ಕೇ ಎಲ್ಲರಿಗೂ ಬೇಕು ಅಂತ ಅರ್ಥವಾಗಿಹೋಯಿತು.

ಬೆಳಿಗ್ಗೆ ಆರಕ್ಕೆ ಸರಿಯಾಗಿ ಹೊರಡುವುದು ಅಂತ ಮಾತಾಗಿತ್ತು. ಹೊರಟಾಗ ಎಂಟೂ ಮುಕ್ಕಾಲು. ಆರಕ್ಕೆ ಅಂದರೆ ಅಮ್ಮನ ಲೆಕ್ಕದಲ್ಲಿ ಐದೂವರೆಗೆ ಗೇಟಿನ ಹತ್ತಿರ ನಿಂತಿರುವುದು. ಅತ್ತಿಗೆಯ ಲೆಕ್ಕದಲ್ಲಿ ಆರಕ್ಕೆ ಸ್ನಾನಕ್ಕೆ ಹೋಗುವುದು. ಎರಡೂ ಲೆಕ್ಕದವರು ಒಂದೇ ಗಾಡಿಯಲ್ಲಿ ಕೂತು ಮೊದಲ ಒಂದು ಗಂಟೆ ಮಾತಾಡಲಿಲ್ಲ. ಆಮೇಲೆ ಗ್ಯಾಸ್ ಆಫ್ ಮಾಡಿದ್ದೇವಾ ಅನ್ನುವ ಪ್ರಶ್ನೆ ಬಂತು. ಆ ಪ್ರಶ್ನೆ ಬಂದ ಮೇಲೆ ಎಲ್ಲರಿಗೂ ಮಾತು ಬಂತು.

ಇರಲಿ, ತಲುಪಿದೆವು. ಸಂಜೆ ಐದು ಗಂಟೆ. ನೀರು ಎಲ್ಲೋ ದೂರಕ್ಕೆ ಸರಿದಿತ್ತು, ಮುಂದೆ ಅಗಲವಾಗಿ ಗಟ್ಟಿ ಮರಳು, ಮಕ್ಕಳು ಬಿಟ್ಟ ಬಾಣದ ಹಾಗೆ ಓಡಿದರು. ಅಂದು ಹುಣ್ಣಿಮೆ ಬೇರೆ. ಬೆಳದಿಂಗಳಲ್ಲಿ ಸಮುದ್ರ ನೋಡಬಹುದು ಅಂತಲೇ ಆ ದಿನ ಆರಿಸಿದ್ದು. ಸುಳ್ಳು ಯಾಕೆ ಹೇಳಲಿ, ಆ ರಾತ್ರಿ ಚೆನ್ನಾಗಿತ್ತು.

ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೆ ಭಾವನವರು ಎಲ್ಲರಿಗಿಂತ ಮೊದಲು ಹೋಗಿ ಒಳ್ಳೆಯ ಜಾಗ ಹಿಡಿದರು. ಚಾಪೆ ಹಾಸಿ, ನಾಲ್ಕು ಮೂಲೆಗೂ ಒಂದೊಂದು ಚಪ್ಪಲಿ ಇಟ್ಟು, ಚೀಲಗಳನ್ನು ಸಾಲಾಗಿ ಜೋಡಿಸಿದರು. ಇಲ್ಲಿ ಕೂತರೆ ನೀರು ಹತ್ತಿರ, ಆದರೆ ಮುಟ್ಟುವುದಿಲ್ಲ, ನಿನ್ನೆ ನಾನೇ ನೋಡಿದ್ದೇನೆ, ಅಂದರು. ನಾವೆಲ್ಲ ತಿಂಡಿ ತಿನ್ನಲು ಹೋದೆವು. ವಾಪಸ್ ಬಂದಾಗ ಹತ್ತೂವರೆ. ಚಾಪೆ ಅಲ್ಲಿ ಇರಲಿಲ್ಲ. ಅದು ಇನ್ನೂ ಸ್ವಲ್ಪ ಆಚೆ ಬಾಳೆಲೆಯ ಹಾಗೆ ತೇಲುತ್ತಿತ್ತು. ಚೀಲಗಳಿಗೆ ನೀರು ನುಗ್ಗಿತ್ತು. ದೊಡ್ಡಮ್ಮ ಸೀರೆ ಎತ್ತಿ ಕಟ್ಟಿ ಮೊಣಕಾಲು ನೀರಲ್ಲಿ ಚಪ್ಪಲಿಗಳನ್ನು ಒಂದೊಂದಾಗಿ ಹಿಡಿಯುತ್ತಿದ್ದರು. ನನ್ನದು ಒಂದು ಸಿಕ್ಕಿತು.

ತಪ್ಪು ಸಮುದ್ರದ್ದಲ್ಲ ಬಿಡಿ. ಹೆಚ್ಚಿನ ತೀರಗಳಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಸಂಜೆ ಐದಕ್ಕೆ ನೀರು ಪೂರ್ತಿ ಇಳಿದಿದ್ದರೆ, ಬೆಳಗಿನ ಜಾವ ಐದೂವರೆ ಹೊತ್ತಿಗೆ ಮತ್ತೆ ಇಳಿದಿರುತ್ತದೆ, ಅಲ್ಲಿಂದ ಏರುತ್ತಾ ಹೋಗಿ ಹನ್ನೊಂದೂವರೆ ಹೊತ್ತಿಗೆ ತುಂಬಿ ನಿಲ್ಲುತ್ತದೆ. ಭಾವನವರು ಚಾಪೆ ಹಾಸಿದ್ದು ಏರುತ್ತಿರುವ ನೀರಿನ ಮುಂದೆ. ಅದೂ ಹುಣ್ಣಿಮೆಯ ಮಾರನೆಯ ದಿನ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವುದರಿಂದ ಉಬ್ಬರ ಮಾಮೂಲಿಗಿಂತ ಜಾಸ್ತಿ. ಬೆಳದಿಂಗಳು ಬೇಕು ಅಂತ ಹೋದವರಿಗೆ ಅದರ ಜೊತೆ ಇದೂ ಬಂತು.

ಇದನ್ನೆಲ್ಲ ಆ ಮಧ್ಯಾಹ್ನ ಫೋನಿನಲ್ಲಿ ಓದಿ ತಿಳಿದುಕೊಂಡ ಭಾವನವರು ಮೂರನೆಯ ದಿನ ಪಂಡಿತರಾಗಿದ್ದರು. ನಿನ್ನೆ ಹತ್ತೂವರೆಗೆ ಈ ಗೆರೆಗೆ ಬಂದಿತ್ತು, ಇವತ್ತೂ ಬರುತ್ತದೆ, ನೋಡ್ತಾ ಇರಿ, ಅಂತ ಕಾಲಲ್ಲಿ ಗೆರೆ ಎಳೆದು ಎಲ್ಲರನ್ನೂ ಹಿಂದೆ ಕೂರಿಸಿದರು. ಹತ್ತೂವರೆ ಆಯಿತು. ಹನ್ನೊಂದಾಯಿತು. ಬಿಸಿಲು ನೆತ್ತಿಗೆ ಬಂತು. ನೀರು ಬಂದಾಗ ಹನ್ನೊಂದೂ ಇಪ್ಪತ್ತು. ಅರ್ಧ ಪುಟ ಓದಿ ಬಿಟ್ಟಿದ್ದರು ಅವರು. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರನೂ ಒಂದಿಷ್ಟು ಮುಂದೆ ಹೋಗಿರುತ್ತಾನೆ, ಹಾಗಾಗಿ ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡ. ಅತ್ತಿಗೆ ಅಂದರು, ‘ನೋಡಿ, ಸಮುದ್ರವೂ ನನ್ನ ಹಾಗೇ.’

ಇನ್ನು ಮರಳು. ಈ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟಿದೆ. ಕಿವಿಯಲ್ಲಿ, ತಲೆಯಲ್ಲಿ, ಹಾಸಿಗೆಯಲ್ಲಿ, ಫೋನು ಚಾರ್ಜ್ ಮಾಡುವ ತೂತಿನಲ್ಲಿ. ಹಲ್ಲಿನ ಮಧ್ಯೆ ಕರಕರ. ಹದಿನಾಲ್ಕು ಜನಕ್ಕೆ ಆ ಮನೆಯಲ್ಲಿದ್ದದ್ದು ಒಂದೇ ಬಚ್ಚಲು. ಎಲ್ಲರೂ ಒದ್ದೆ ಮೈಯಲ್ಲಿ ಸಾಲಾಗಿ ನಿಂತು, ಮೈಗೆ ಅಂಟಿದ ಮರಳನ್ನು ಕೈಯಿಂದ ತಿಕ್ಕಿ ತಿಕ್ಕಿ ಕೆಂಪು ಮಾಡಿಕೊಂಡೆವು. ಹಾಗೆ ಮಾಡಲೇಬಾರದು. ಮರಳಿನ ಕಣಕ್ಕೂ ಚರ್ಮಕ್ಕೂ ನಡುವೆ ಇರುವ ತೆಳ್ಳನೆಯ ನೀರೇ ಅದನ್ನು ಹಿಡಿದುಕೊಂಡಿರುವುದು. ನೀರು ಆರಿದರೆ ಹಿಡಿತ ಬಿಟ್ಟಹಾಗೆ, ಕೊಡವಿದರೆ ಉದುರುತ್ತದೆ. ಅಷ್ಟು ತಾಳ್ಮೆ ಇಲ್ಲದವರು ಸ್ವಲ್ಪ ಪೌಡರ್ ಹಾಕಿ ಒರೆಸಿಕೊಳ್ಳಬಹುದು, ಅದು ತೇವ ಹೀರಿಕೊಳ್ಳುತ್ತದೆ. ಇದು ನನಗೆ ಗೊತ್ತಾದದ್ದು ಊರಿಗೆ ವಾಪಸ್ ಬಂದ ಮೇಲೆ. ಒಂದು ಲೀಟರ್ ಸಮುದ್ರದ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ ಅನ್ನುವುದೂ ಆಗಲೇ ಗೊತ್ತಾಯಿತು. ಆ ಉಪ್ಪು ಮೈಮೇಲೆ ಉಳಿದು ಗಾಳಿಯ ತೇವ ಎಳೆದುಕೊಳ್ಳುವುದರಿಂದಲೇ ಎಷ್ಟು ಒರೆಸಿದರೂ ಅಂಟಂಟು.

ಬಿಸಿಲಿನ ಕಥೆ ಬೇಗ ಮುಗಿಸುತ್ತೇನೆ. ಮೋಡ ಇದೆ ಅಂತ ನಾನು ಕ್ರೀಮ್ ಹಚ್ಚಲಿಲ್ಲ. ಮೋಡ ಅತಿನೇರಳೆ ಕಿರಣವನ್ನು ಪೂರ್ತಿ ತಡೆಯುವುದಿಲ್ಲ, ಮರಳಿನಿಂದಲೂ ಒಂದಿಷ್ಟು ಹಿಂದಕ್ಕೆ ಚಿಮ್ಮಿ ಬರುತ್ತದೆ. ಹಚ್ಚಿದರೂ ಎರಡು ಗಂಟೆಗೊಮ್ಮೆ, ನೀರಿಂದ ಎದ್ದು ಬಂದಾಗಲೆಲ್ಲ, ಮತ್ತೆ ಹಚ್ಚಬೇಕು. ಎರಡು ರಾತ್ರಿ ಬೋರಲು ಮಲಗಿದೆ. ಹೇಳಿದ್ದೆ ನಾನು, ಅಂತ ಅಮ್ಮ ಒಟ್ಟು ಎಷ್ಟು ಸಲ ಹೇಳಿದರು ಅಂತ ಎಣಿಸಲಿಲ್ಲ.

ಒಂದು ವಿಷಯ ಮಾತ್ರ ನಗುವಂಥದ್ದಲ್ಲ. ಅಕ್ಕನ ದೊಡ್ಡ ಮಗ, ಅಲೆಗಳಿಲ್ಲದ ಜಾಗ ಸಿಕ್ಕಿತು, ಅಲ್ಲಿ ಈಜುತ್ತೇನೆ, ಅಂತ ಹೊರಟಿದ್ದ. ಎರಡು ಕಡೆ ಅಲೆ ಒಡೆಯುತ್ತಾ ನಡುವೆ ಒಂದು ಪಟ್ಟಿಯಷ್ಟು ನೀರು ಸುಮ್ಮನೆ ಶಾಂತವಾಗಿ ಕಂಡರೆ, ದಡಕ್ಕೆ ಬಂದ ನೀರು ವಾಪಸ್ ಸಮುದ್ರಕ್ಕೆ ಹರಿಯುವ ದಾರಿ ಅದೇ ಆಗಿರಬಹುದು. ಅದರ ವೇಗ ಸೆಕೆಂಡಿಗೆ ಎರಡು ಮೀಟರ್ ದಾಟುವುದೂ ಉಂಟು. ಒಲಿಂಪಿಕ್ ಈಜುಗಾರರೂ ಅದಕ್ಕೆ ಎದುರಾಗಿ ಈಜಿ ಗೆಲ್ಲುವುದು ಕಷ್ಟ. ಸಿಕ್ಕಿಹಾಕಿಕೊಂಡರೆ ದಡದ ಕಡೆಗೆ ಈಜಬಾರದು. ಗಾಬರಿ ಬಿಟ್ಟು ತೇಲಬೇಕು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಹರಿವಿನಿಂದ ಹೊರಗೆ ಬಂದು, ಆಮೇಲೆ ದಡಕ್ಕೆ ತಿರುಗಬೇಕು. ಕೈ ಎತ್ತಿ ಕೂಗಬೇಕು. ಅಲ್ಲಿದ್ದ ಕಾವಲುಗಾರರು ಸೀಟಿ ಊದಿ ಅವನನ್ನು ಮೊಣಕಾಲು ನೀರಲ್ಲೇ ತಡೆದರು. ಎಲ್ಲರೆದುರು ಸೀಟಿ ಊದಿದರು ಅಂತ ಅವನು ಸಂಜೆಯವರೆಗೆ ಮುಖ ಊದಿಸಿಕೊಂಡಿದ್ದ. ಊದಿಸಿಕೊಳ್ಳಲಿ.

ಎರಡನೆಯ ರಾತ್ರಿ ಹೊತ್ತಿಗೆ ಸಣ್ಣಪುಟ್ಟ ಕಿರಿಕಿರಿಗಳೆಲ್ಲ ಒಟ್ಟಾಗಿದ್ದವು. ಎಸಿ ಹದಿನೆಂಟಕ್ಕಾ, ಇಪ್ಪತ್ತಾರಕ್ಕಾ. ನನ್ನ ಟವೆಲ್ ಯಾರು ತಗೊಂಡ್ರು. ಚಾರ್ಜರಿನಿಂದ ಇನ್ನೊಬ್ಬರ ಫೋನು ಕಿತ್ತು ತನ್ನದು ಸಿಕ್ಕಿಸಿದವರು ಯಾರು. ಚಿಕ್ಕಪ್ಪನ ಗೊರಕೆ. ನಾನು ಕೂತು ಒಂದು ಲೆಕ್ಕ ಹಾಕಿದೆ. ಮನೆಯಲ್ಲಿ ನಾಲ್ಕು ಜನ ಇದ್ದರೆ ಇಬ್ಬಿಬ್ಬರ ಜೋಡಿ ಆರು. ಆರು ಜಗಳ ಸಂಭಾಳಿಸಬಹುದು. ಹದಿನಾಲ್ಕು ಜನ ಇದ್ದರೆ? 14 ಗುಣಿಸು 13, ಭಾಗಿಸು ಎರಡು. 91 ಜೋಡಿ. ಒಂದೇ ಸೂರಿನ ಕೆಳಗೆ 91 ಜೋಡಿ, ಒಂದು ಬಚ್ಚಲು.

ಗುಂಪಿನ ಫೋಟೋ ತೆಗೆಯುವುದು ಇದರ ಪರಾಕಾಷ್ಠೆ. ಪ್ರತಿ ಫೋಟೋದಲ್ಲೂ ಯಾರಾದರೊಬ್ಬರು ಕಣ್ಣು ಮುಚ್ಚಿರುತ್ತಾರೆ. ಇದಕ್ಕೂ ಲೆಕ್ಕ ಇದೆ ಗೊತ್ತಾ? ಆಸ್ಟ್ರೇಲಿಯಾದ ಇಬ್ಬರು ಇದನ್ನು ಲೆಕ್ಕ ಹಾಕಿ 2006ರಲ್ಲಿ ಇಗ್ ನೊಬೆಲ್ ಪಡೆದರು, ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ಬಹುಮಾನ ಅದು. ಇಪ್ಪತ್ತಕ್ಕಿಂತ ಕಡಿಮೆ ಜನ ಇದ್ದರೆ, ಒಳ್ಳೆಯ ಬೆಳಕಿದ್ದರೆ, ಜನರ ಸಂಖ್ಯೆಯನ್ನು ಮೂರರಿಂದ ಭಾಗಿಸಿ, ಅಷ್ಟು ಫೋಟೋ ತೆಗೆದರೆ ಒಂದರಲ್ಲಾದರೂ ಎಲ್ಲರ ಕಣ್ಣೂ ತೆರೆದಿರುತ್ತದೆ ಅಂತ ಹೆಚ್ಚುಕಡಿಮೆ ನಂಬಬಹುದು. ಬೆಳಕು ಕಡಿಮೆ ಇದ್ದರೆ ಎರಡರಿಂದ. ನಮಗೆ ಐದು ಫೋಟೋ ಸಾಕಿತ್ತು. ನಲವತ್ತು ತೆಗೆದೆವು. ಕಣ್ಣು ಎಲ್ಲರದೂ ತೆರೆದಿದ್ದ ಒಂದೇ ಒಂದು ಫೋಟೋದಲ್ಲಿ ತಾನು ದಪ್ಪ ಕಾಣುತ್ತೇನೆ ಅಂತ ಅಕ್ಕ ಅದನ್ನು ಅಳಿಸಿದಳು.

ಕೊನೆಗೆ, ಹೊರಡುವ ಮೊದಲು, ಒದ್ದೆ ಬಟ್ಟೆ ಮಡಚುತ್ತಾ ಅತ್ತೆ ನನ್ನ ಹತ್ತಿರ ಮೆಲ್ಲಗೆ ಅಂದರು, ‘ನಂಗೆ ಈ ಸಮುದ್ರ ಅಷ್ಟಾಗಿ ಸೇರಲ್ಲ ಕಣೇ. ಆ ಸದ್ದಿಗೆ ನಿದ್ದೆ ಬರಲ್ಲ. ನಿಮಗೆಲ್ಲ ಆಸೆ ಅಂತ ಬಂದೆ.’ ಕೇಳಿಸಿಕೊಂಡ ಚಿಕ್ಕಪ್ಪ, ಅಯ್ಯೋ, ನಾನೂ ಮನೆಯಲ್ಲೇ ಸೇರೋಣ ಅಂತಿದ್ದೆ, ಭಾವನವರಿಗೆ ಇಷ್ಟ ಅಂತ ಸುಮ್ನಾದೆ, ಅಂದರು. ಭಾವನವರ ಮುಖ ನೋಡಬೇಕಿತ್ತು. ಅವರು ಸಮುದ್ರ ಅಂದದ್ದು ಬೇರೆ ಯಾರೂ ಬಾಯಿ ಬಿಡುತ್ತಿಲ್ಲವಲ್ಲ ಅಂತ. ಅವರಿಗೆ ಬೆಟ್ಟ ಇಷ್ಟವಂತೆ.

ಇದಕ್ಕೆ ಹೆಸರೇ ಇದೆ. ಜೆರ‍್ರಿ ಹಾರ್ವಿ ಅನ್ನುವ ಅಮೆರಿಕದ ಮ್ಯಾನೇಜ್‌ಮೆಂಟ್ ಮೇಷ್ಟ್ರು 1974ರಲ್ಲಿ ಒಂದು ಲೇಖನ ಬರೆದರು. ಟೆಕ್ಸಾಸ್‌ನಲ್ಲಿ ಒಂದು ಸುಡು ಮಧ್ಯಾಹ್ನ, ಮನೆಯ ನಾಲ್ಕು ಜನ ಹಾಯಾಗಿ ಕೂತಿದ್ದಾರೆ. ಮಾವನವರು, ಅಬಿಲೀನ್‌ಗೆ ಹೋಗಿ ಊಟ ಮಾಡೋಣವಾ, ಅಂದರು. ಎಲ್ಲರೂ ಹೂಂ ಅಂದರು. ಎಸಿ ಇಲ್ಲದ ಕಾರಿನಲ್ಲಿ ಧೂಳು ತಿನ್ನುತ್ತಾ 53 ಮೈಲಿ ಹೋಗಿ, ಕೆಟ್ಟ ಊಟ ಉಂಡು, 53 ಮೈಲಿ ವಾಪಸ್ ಬಂದರು. ಆಮೇಲೆ ನೋಡಿದರೆ ಒಬ್ಬರಿಗೂ ಹೋಗುವ ಮನಸ್ಸಿರಲಿಲ್ಲ. ಮಾವನವರಿಗೂ. ಉಳಿದವರಿಗೆ ಬೇಜಾರಾಗಿರಬೇಕು ಅಂತ ಕೇಳಿದ್ದರಂತೆ. ‘ಅಬಿಲೀನ್ ವಿರೋಧಾಭಾಸ’ ಅಂತ ಇದು ಹೆಸರಾಗಿದೆ. ಅವರ ಮನೆಯಲ್ಲಿ ನಾಲ್ಕು ಜನ. ನಮ್ಮಲ್ಲಿ ಹದಿನಾಲ್ಕು, ಜೊತೆಗೆ ಚಪ್ಪಲಿ ನಷ್ಟ.

ಹೋದ ವಾರ ಗುಂಪಿನಲ್ಲಿ ಮತ್ತೆ ಚಿಕ್ಕಪ್ಪನ ಸಂದೇಶ ಬಂತು, ಈ ಸಲ ಎಲ್ಲಿಗೆ ಅಂತ. ಅತ್ತೆ ಬರೆದರು, ‘ನನಗೇನಿಲ್ಲಪ್ಪ.’ ಅವರ ಹಿಂದೆ ಭಾವನವರು, ‘ನನಗೂ ಅಷ್ಟೇ.’ ನಾನು ಗಟ್ಟಿ ಮನಸ್ಸು ಮಾಡಿ ಬರೆದೇಬಿಟ್ಟೆ: ‘ನನಗೆ ಸಮುದ್ರ ಬೇಡ. ಬೆಟ್ಟ ಆಗಬಹುದು. ಮನೆಯಲ್ಲೇ ಸೇರಿದರೆ ಇನ್ನೂ ಒಳ್ಳೆಯದು.’

ಅರ್ಧ ಗಂಟೆ ಗುಂಪಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಅಮ್ಮನ ಫೋನ್ ಬಂತು. ‘ಏನೇ ಆಯ್ತು ನಿನಗೆ? ಯಾರು ಏನಂದ್ರು? ಅಷ್ಟು ಸಿಟ್ಟಿಂದ ಬರೆದಿದ್ದೀಯಲ್ಲ.’ ಸಿಟ್ಟಿಲ್ಲಮ್ಮ ಅಂದೆ. ನಂಬಲಿಲ್ಲ. ಅಕ್ಕನೂ ಫೋನ್ ಮಾಡಿದಳು, ಆ ಫೋಟೋ ಅಳಿಸಿದ್ದಕ್ಕೆ ಬೇಜಾರಾ ಅಂತ. ಭಾವನವರು ಮಾತ್ರ ಗುಂಪಿಗೆ ಗೊತ್ತಾಗದ ಹಾಗೆ ನನ್ನೊಬ್ಬಳಿಗೇ ಒಂದು ಬೆಟ್ಟದ ಚಿತ್ರ ಕಳಿಸಿದರು. ರಾತ್ರಿ ಹತ್ತಕ್ಕೆ ದೊಡ್ಡಮ್ಮನ ಧ್ವನಿ ಸಂದೇಶ ಬಂತು. ಎಲ್ಲಿಗಾದರೂ ಹೋಗಿ, ನನಗೇನಿಲ್ಲ, ಆದರೆ ಬಚ್ಚಲು ಎರಡಿರಲಿ, ಅಂತ. ಹದಿಮೂರು ಜನ ಅದಕ್ಕೆ ಹೆಬ್ಬೆರಳು ಒತ್ತಿದ್ದೇವೆ. ಜಾಗ ಇನ್ನೂ ಗೊತ್ತಾಗಿಲ್ಲ.

ನಮಸ್ಕಾರ.